ರತ್ನ ಹಾಡು ನಿಲ್ಲಿಸಿದ್ದು

18 ಜುಲೈ 2025, ಶುಕ್ರವಾರ

ಫಸ್ಟ್ ಪಿಯು ಮಕ್ಕಳಿಗೆ ಈ ವಾರ ಮಾಸ್ತಿಯವರ ‘ರಂಗನ ಮದುವೆ’ ಓದಿಸುತ್ತಿದ್ದೇನೆ. ಪಠ್ಯದಲ್ಲಿಲ್ಲ, ಜೆರಾಕ್ಸ್ ಮಾಡಿಸಿ ಹಂಚಿದ್ದು. ಬೋರ್ಡ್ ಮೇಲೆ ಪಾತ್ರ, ಸನ್ನಿವೇಶ, ಸಂಘರ್ಷ ಅಂತ ಮೂರು ಕಾಲಂ ಎಳೆದು, ನೀವೇ ತುಂಬಿಸಿ ಅಂದೆ.

“ರಂಗ ವಿದ್ಯಾವಂತ, ಸದ್ಗುಣಿ” ಅಂತ ಮುಂದಿನ ಬೆಂಚಿನಿಂದ ಥಟ್ಟನೆ ಬಂತು. ಗೈಡಿನ ಧಾಟಿಯ ಮಾತು. ಯಾವ ಸಾಲು ಓದಿ ಗೊತ್ತಾಯ್ತು ಅಂತ ಕೇಳಿದೆ. ಎಲ್ಲರೂ ತಲೆ ತಗ್ಗಿಸಿ ಹಾಳೆ ತಿರುವಿದರು. ನನಗೆ ಬೇಕಿದ್ದದ್ದೇ ಅದು.

ಸನ್ನಿವೇಶಕ್ಕೆ ‘ಹೊಸಹಳ್ಳಿ’ ಅಂತ ಬರೆದು ಕೈತೊಳೆದುಕೊಳ್ಳುವವರೇ ಜಾಸ್ತಿ. ಆದರೆ ಕಿಟಕಿ ಪಕ್ಕದ ಹುಡುಗನೊಬ್ಬ ಒಳ್ಳೆಯ ಜಾಗ ಹಿಡಿದ. ರಂಗ ಬೆಂಗಳೂರಿನಲ್ಲಿ ಓದಿ ಊರಿಗೆ ಬಂದಾಗ ಜನ ಅವನನ್ನು ನೋಡೋಕೆ ಸೇರುತ್ತಾರೆ. ಒಬ್ಬ ಅಜ್ಜಿ ಅವನ ಎದೆ ತಡವಿ ಜನಿವಾರ ಇದೆಯಾ ಅಂತ ನೋಡುತ್ತಾಳೆ. “ಪೇಟೆಗೆ ಹೋದ್ರೆ ಜಾತಿ ಕೆಡುತ್ತೆ ಅಂತ ಊರಿಗೇ ಭಯ ಇತ್ತು ಮೇಡಮ್, ಇದೇ ಸನ್ನಿವೇಶ ಅಲ್ವಾ?” ಅಂದ. ಹೌದು ಕಣೋ! ಕೆರೆ, ತೋಟ, ಬೀದಿ ವರ್ಣಿಸಿದ್ದರೂ ಇಷ್ಟು ಗೊತ್ತಾಗುತ್ತಿರಲಿಲ್ಲ. ಕ್ಲಾಸಿನಲ್ಲಿ ಇಂಥ ಒಂದು ಮಾತು ಬಂದರೆ ನನಗೆ ಇಡೀ ದಿನಕ್ಕೆ ಸಾಕು.

ಸಂಘರ್ಷದ ಕಾಲಂ ಮಾತ್ರ ಖಾಲಿ ಉಳಿಯಿತು. ಜಗಳ ಇಲ್ಲ, ವಿಲನ್ ಇಲ್ಲ, ಮದುವೆ ಆಗುತ್ತೆ, ಮಗುವೂ ಆಗುತ್ತೆ. ನಾನೇ ಸ್ವಲ್ಪ ದಾರಿ ತೋರಿಸಿದೆ. ತಿಳಿವಳಿಕೆ ಬಂದ, ಮನಸ್ಸಿಗೆ ಒಪ್ಪಿದ ಹುಡುಗಿ ಸಿಗುವ ತನಕ ಮದುವೆ ಬೇಡ ಅಂದವನು ರಂಗ. ಅವನೇ 11 ವರ್ಷದ ರತ್ನಳನ್ನು ನೋಡಿ ಸೋಲುತ್ತಾನೆ. ಆಡಿದ ಮಾತು ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಮಕ್ಕಳು ಬರೆದುಕೊಂಡರು.

ಆಗ ಹಿಂದಿನ ಬೆಂಚಿನ ಹುಡುಗಿ ಕೇಳಿದಳು, “ರತ್ನನ್ನ ಯಾರಾದ್ರೂ ಕೇಳಿದ್ರಾ ಮೇಡಮ್?”

ಹುಡುಕಿ ನೋಡೋಣ ಅಂದೆ. ಎಲ್ಲರೂ ಹುಡುಕಿದರು. ಕತೆ ಹೇಳುವ ಶ್ಯಾಮ ಕೇಳುವುದಿಲ್ಲ, ರಂಗ ಕೇಳುವುದಿಲ್ಲ. ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಏನು ಹೇಳಬೇಕು ಅಂತ ಶ್ಯಾಮ ಮೊದಲೇ ಹೇಳಿಕೊಟ್ಟಿರುತ್ತಾನೆ, ಅವರು ಅದನ್ನೇ ಹೇಳುತ್ತಾರೆ. ಕೊನೆಗೆ ಅವಳೇ ತೋರಿಸಿದ್ದು ಶ್ಯಾಮನ ಮನೆಯ ದೃಶ್ಯ. ರತ್ನ ಹಾಡುತ್ತಿರುತ್ತಾಳೆ. ಬಾಗಿಲಲ್ಲಿ ಗುರುತಿಲ್ಲದ ಗಂಡಸು ನಿಂತಿರುವುದು ಕಾಣುತ್ತೆ, ಹಾಡು ನಿಂತುಹೋಗುತ್ತೆ. “ಇದನ್ನ ಸಂಘರ್ಷದಲ್ಲಿ ಬರೀಬಹುದಾ?” ಅಂದಳು.

ಇಷ್ಟು ವರ್ಷ ಈ ಕತೆ ಓದಿದಾಗೆಲ್ಲ ಅದು ನಾಚಿಕೆ ಅಂತಲೇ ಓದಿ ಮುಂದೆ ಹೋಗುತ್ತಿದ್ದೆ. ಶ್ಯಾಮನೂ ಹಾಗೇ ಹೇಳುತ್ತಾನೆ. ಅವನ ಮಾತು ಎಷ್ಟು ಸೊಗಸು ಅಂದರೆ, ಅವನು ಬೆರಳು ತೋರಿಸಿದ ಕಡೆಯೇ ನಾವು ನೋಡುತ್ತೇವೆ. ಕತೆ ಯಾರು ಹೇಳುತ್ತಿದ್ದಾರೆ ಅಂತ ನಾಲ್ಕನೇ ಕಾಲಂ ಎಳೆದೆ. ಆಮೇಲೆ ಕ್ಲಾಸ್ ಗಲಗಲ ಅಂದಿತು. ಒಬ್ಬ ಹುಡುಗ, “ಹನ್ನೊಂದು ವರ್ಷ, ಪೊಲೀಸ್ ಕೇಸ್ ಆಗಲ್ವಾ?” ಅಂದ. ಹೇಳಿದೆ: ಮೈಸೂರು ಸಂಸ್ಥಾನ 1894ರಲ್ಲೇ ಕಾನೂನು ತಂದಿತ್ತು, ಆದರೆ ಅದು ತಡೆದದ್ದು 8 ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು. ಕತೆ 1910ರ ಸುಮಾರಿನದು, ರತ್ನಳ ಮದುವೆಗೆ ಅಡ್ಡಿ ಇರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ 14 ಅಂತ ಆಗಿದ್ದೂ 1929ರ ಶಾರದಾ ಕಾಯ್ದೆಯಲ್ಲಿ. ಕಾಲವೂ ಸನ್ನಿವೇಶವೇ ಅಂತ ಬೇರೆ ಹೇಳಬೇಕಾಗಲಿಲ್ಲ.

ರತ್ನಳನ್ನು ಯಾರೂ ಕೇಳಲಿಲ್ಲ ಅನ್ನೋದು ಮಾಸ್ತಿಯವರಿಗೆ ಕಂಡಿರಲಿಲ್ಲ ಅಂತ ನಾನು ನಂಬಲ್ಲ. ಕಾಣದಿದ್ದರೆ ಆ ಹಾಡನ್ನು ಅಲ್ಲಿ ಯಾಕೆ ನಿಲ್ಲಿಸುತ್ತಿದ್ದರು?

ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. “ಮಾರ್ಕ್ಸ್ ಬರೋ ಹಾಗೆ ಹೇಳ್ಕೊಡಿ ಮೇಡಮ್, ಸಾಕು” ಅಂದರು ಒಬ್ಬರು. ಅವರ ಕಾಳಜಿ ಸುಳ್ಳಲ್ಲ. ಪರೀಕ್ಷೆಯಲ್ಲಿ ಪಠ್ಯದ ಕತೆಗೆ ‘ರತ್ನಳ ಮೌನವೇ ಸಂಘರ್ಷ’ ಅನ್ನೋ ಥರದ ಉತ್ತರ ಬರೆದರೆ ಮೌಲ್ಯಮಾಪಕರು ಕೀ ಆನ್ಸರ್‌ನಲ್ಲಿ ಹುಡುಕುತ್ತಾರೆ, ಅಲ್ಲಿ ಸಿಗದಿದ್ದರೆ ಮಾರ್ಕ್ಸ್ ಕೊಡಲ್ಲ. ಆದರೂ ನಾಳೆಯಿಂದ ‘ಸದ್ಗುಣಿ’ ಅಂತ ಬರೆಸೋಕೆ ನನ್ನ ಕೈಲಾಗಲ್ಲ.

ಮಳೆ ಜೋರಾಗಿತ್ತು, ಸಂಜೆ ಬಸ್ಸು ತಡ. ಆ ಹುಡುಗಿ ಸ್ಟಾಪಿನಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದಳು. ಜೆರಾಕ್ಸ್ ಹಾಳೆ ನೆನೆಯದ ಹಾಗೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡಿದ್ದಳು. ಸುಮ್ನೆ ಕೇಳಿದ ಹಾಗೆ ಕೇಳಿದಳು: “ಹದಿನೆಂಟಾದ್ಮೇಲೆ ಕೇಳಲೇಬೇಕಾ ಮೇಡಮ್?”

ಕೇಳಲೇಬೇಕು, ನಿನ್ನ ಒಪ್ಪಿಗೆ ಇಲ್ಲದೆ ಯಾರೂ ಮಾಡೋ ಹಾಗಿಲ್ಲ ಅಂದೆ. “ಕೇಳ್ತಾರೆ, ಎಲ್ಲರ ಮುಂದೆ ಕೇಳ್ತಾರೆ” ಅಂದಳು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಮನೆಗೆ ಬಂದು ಅನ್ನಕ್ಕಿಟ್ಟರೂ ಆ ಮಾತೇ. ಮನೆಯಲ್ಲಿ ಏನೋ ಮಾತುಕತೆ ನಡೆಯುತ್ತಿದೆಯಾ? ಅವಳ ಅಕ್ಕನ ವಿಷಯವಾ, ಅವಳದ್ದೇನಾ? ಸೋಮವಾರ ಆ ದೃಶ್ಯವನ್ನು ರತ್ನಳ ಬಾಯಲ್ಲಿ ಬರೆಯಿರಿ ಅಂತ ಇಡೀ ಕ್ಲಾಸಿಗೆ ಕೊಡಬೇಕು ಅಂದುಕೊಂಡಿದ್ದೆ. ಈಗ ಕೊಟ್ಟರೆ ಅವಳಿಗೆ ಹೇಳಿಕೊಳ್ಳೋಕೆ ಒಂದು ಜಾಗ ಸಿಕ್ಕ ಹಾಗಾಗುತ್ತಾ, ಇಲ್ಲಾ ಎಲ್ಲರ ಮುಂದೆ ನಿಲ್ಲಿಸಿದ ಹಾಗಾಗುತ್ತಾ? ಮೊದಲು ಒಬ್ಬಳನ್ನೇ ಕರೆದು ಮಾತಾಡಿಸಬೇಕು. ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಆದರೆ ಯಾರ ಕಣ್ಣಿಗೂ ಬೀಳಲ್ಲ, ಆದರೆ ಅವಳ ಬಸ್ಸು ಅಷ್ಟು ಬೇಗ ಬರಲ್ಲ.