‘ಚಾಲಿ’ಗೆ 12 ಬೈಟ್ ಬೇಕು

ಕಳೆದ ಮಳೆಗಾಲದಲ್ಲಿ ಶಿರಸಿಯ ಅಡಿಕೆ ವಹಿವಾಟಿನ ಲೆಕ್ಕವನ್ನು ಡೇಟಾಬೇಸಿಗೆ ತುಂಬಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ದಿನದ ಟೆಂಡರು ಮುಗಿದ ಮೇಲೆ ಬೆಳೆಗಾರರ ಖಾತೆ, ಅಡಿಕೆಯ ಬಗೆ, ತೂಕ, ಕ್ವಿಂಟಲಿನ ದರ ಎಲ್ಲವೂ ಜೇಸನ್ (ಪ್ರತಿ ಮಾಹಿತಿಯನ್ನೂ ಅದರ ಹೆಸರಿನೊಂದಿಗೆ ಬರೆಯುವ ಮಾದರಿ) ಪಠ್ಯವಾಗಿ ಬರುತ್ತಿದ್ದವು. ಅದನ್ನು ಬಿಡಿಸಿ ಸಾಲುಗಳಾಗಿ ಜೋಡಿಸುವ ಪ್ರೊಸೀಜರನ್ನು ಒರಾಕಲ್ ಡೇಟಾಬೇಸಿನ ಭಾಷೆಯಾದ ಪಿಎಲ್/ಎಸ್‌ಕ್ಯೂಎಲ್‌ನಲ್ಲಿ ಬರೆದೆ. ಹಿಂದಿನ ಕೋಡು ಇನ್‌ಸ್ಟ್ರ್, ಸಬ್‌ಸ್ಟ್ರ್ ಎಂಬ ಪಠ್ಯ ಹುಡುಕುವ, ತುಂಡರಿಸುವ ಆದೇಶಗಳನ್ನು ಬಳಸಿ ಉದ್ಧರಣ ಚಿಹ್ನೆಗಳ ನಡುವಿನದನ್ನು ಕತ್ತರಿಸಿ ತೆಗೆಯುತ್ತಿತ್ತು. 2014ರಲ್ಲಿ 12.1.0.2 ಆವೃತ್ತಿಯೊಂದಿಗೆ, ಜೇಸನ್ನನ್ನು ಸಾಲು-ಕಾಲಮ್ಮುಗಳಾಗಿ ಬಿಡಿಸುವ ಜೇಸನ್_ಟೇಬಲ್ ಬಂದ ಮೇಲೆ ಆ ಕಷ್ಟ ಬೇಕಿಲ್ಲ. ಒಬ್ಬ ಬೆಳೆಗಾರರ ಕೆಳಗೆ ನಾಲ್ಕಾರು ಲಾಟುಗಳಿದ್ದರೂ ‘ನೆಸ್ಟೆಡ್ ಪಾತ್’ ಎಂದು ಬರೆದರೆ ಪ್ರತಿ ಲಾಟೂ ತನ್ನದೇ ಸಾಲಾಗಿ ಇಳಿಯುತ್ತದೆ.

ಆದರೆ ಮೊದಲ ವಾರದಲ್ಲೇ ಒಂದು ವಿಚಿತ್ರ ಕಂಡಿತು. ತೂಕ, ದರ ಸರಿಯಾಗಿದ್ದ ಹಲವು ಸಾಲುಗಳಲ್ಲಿ ಅಡಿಕೆಯ ಬಗೆ ಮಾತ್ರ ಖಾಲಿ. ಒಂದು ಎರರ್ ಕೂಡ ಇಲ್ಲ. ಮೂಲ ಪಠ್ಯವನ್ನು ತೆರೆದು ಸಾಲಿಗೆ ಸಾಲು ಹೋಲಿಸಿದಾಗ, ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದ ‘ರಾಶಿ’, ‘ಚಾಲಿ’ಗಳು ಉಳಿದಿದ್ದವು, ಕನ್ನಡದಲ್ಲಿ ಬರೆದವು ಮಾತ್ರ ಮಾಯವಾಗಿದ್ದವು.

ಆ ಕಾಲಮ್ಮಿಗೆ ನಾನು ವರ್‌ಚಾರ್2(10) ಎಂದು ಅಳತೆ ಕೊಟ್ಟಿದ್ದೆ, ಮತ್ತು ನಮ್ಮ ಡೇಟಾಬೇಸಿನಲ್ಲಿ ಆ ಹತ್ತು ಎಂದರೆ ಹತ್ತು ಅಕ್ಷರವಲ್ಲ, ಹತ್ತು ಬೈಟ್ (ಕಂಪ್ಯೂಟರಿನ ಸಂಗ್ರಹದ ಅಳತೆ). ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಚಾಲಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಒಳಗೆ ಚ, ಅದರ ದೀರ್ಘ, ಲ, ಅದರ ಗುಡಿಸು ಎಂದು ನಾಲ್ಕು ಸಂಕೇತ, ಒಟ್ಟು 12 ಬೈಟ್. ಕಾಲಮ್ಮಿನಲ್ಲಿ ಹಿಡಿಯದಷ್ಟು ದೊಡ್ಡ ಪಠ್ಯ ಬಂದಾಗ ಜೇಸನ್_ಟೇಬಲ್ ಕಾಲಮ್ಮುಗಳ ಪೂರ್ವನಿಯೋಜಿತ ನಡೆ ‘ನಲ್ ಆನ್ ಎರರ್’, ಅಂದರೆ ಏನನ್ನೂ ಹೇಳದೆ ಖಾಲಿ ಬಿಡುವುದು. ಹಣದ ಲೆಕ್ಕಕ್ಕೆ ಇದು ಒಗ್ಗುವ ನಡೆಯಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಚಾಲಿಯ ದರವೇ ಬೇರೆ, ಕೆಂಪುಗೋಟಿನ ದರವೇ ಬೇರೆ.

ತಪ್ಪಾದರೆ ಖಾಲಿ ಬಿಡದೆ ಎರರ್ ಕೊಟ್ಟು ನಿಲ್ಲುವ ‘ಎರರ್ ಆನ್ ಎರರ್’ ಸೇರಿಸಿದೆ. ಬಗೆಯನ್ನೇ ನಮೂದಿಸದ ಲಾಟುಗಳಿಗೆ, ಅವು ಖಾಲಿಯೇ ಇರಲೆಂದು, ‘ನಲ್ ಆನ್ ಎಂಪ್ಟಿ’ಯನ್ನು ಪ್ರತ್ಯೇಕವಾಗಿ ಕೊಟ್ಟೆ. ಹಳೆಯ ಪಠ್ಯವನ್ನು ಮತ್ತೆ ಓಡಿಸಿದಾಗ ಮೊದಲ ಕನ್ನಡ ಲಾಟಿನಲ್ಲೇ ಪ್ರೊಸೀಜರು ಒಆರ್‌ಎ-40478 (ಅಳತೆಗಿಂತ ದೊಡ್ಡದು ಎನ್ನುವ ಎರರ್) ಎಂದು ನಿಂತಿತು. ಅಳತೆಯನ್ನು ವರ್‌ಚಾರ್2(40 ಚಾರ್), ಅಂದರೆ ಬೈಟಿನ ಬದಲು 40 ಸಂಕೇತ, ಎಂದು ತಿದ್ದಿ ಇಡೀ ವಾರದ್ದನ್ನು ಹೊಸದಾಗಿ ತುಂಬಿದ ಸಂಜೆ, ಖಾಲಿಯಿದ್ದ ಸಾಲುಗಳಲ್ಲಿ ಚಾಲಿ, ಬೆಟ್ಟೆ, ಬಿಳೆಗೋಟು ಎಂದು ಹೆಸರುಗಳು ಕನ್ನಡದಲ್ಲೇ ಬಂದು ಕುಳಿತವು.