ಬ್ಯಾಡಗಿ ಕೆಂಪು: ಮೂರನೇ ಸಲ ಹೋಗಿ ಬಂದ ಮೇಲೆ

ಜನವರಿಯಲ್ಲಿ ಹಿಡಿದ ಕೆಲಸ ಇದು. ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ರೈಲು ಹತ್ತುವುದು, ಬ್ಯಾಡಗಿಯಲ್ಲಿ ಇಳಿಯುವುದು, ಮೆಣಸಿನಕಾಯಿ ಪೇಟೆಯಲ್ಲಿ ಫೋಟೋ ತೆಗೆದು ಸಂಜೆಗೆ ವಾಪಸ್. ಹಂಪಿ, ಬಾದಾಮಿ ಸುತ್ತಿ ಎಲ್ಲರೂ ತೆಗೆಯುವ ಫೋಟೋಗಳನ್ನೇ ನಾನೂ ತೆಗೆದು ಬೇಜಾರಾಗಿತ್ತು. ಒಂದೇ ಊರಿಗೆ ಮತ್ತೆ ಮತ್ತೆ ಹೋದರೆ ಏನಾದೀತು ನೋಡೋಣ ಅಂತ ಶುರು ಮಾಡಿದೆ. ರಜೆ ಸಿಕ್ಕಿದ್ದು ಮೂರೇ ಸಲ.

ಮೊದಲ ಸಲ 340 ಫೋಟೋ ತೆಗೆದೆ. ಉಳಿಸಿಕೊಂಡದ್ದು ಒಂಬತ್ತು.

ತಪ್ಪು ಕೆಂಪಿನದು. ಅಂಗಳದ ತುಂಬ ರಾಶಿ, ಚೀಲದ ಮೇಲೆ ಚೀಲ. ಕ್ಯಾಮೆರಾದ ಪರದೆಯಲ್ಲಿ ಎಲ್ಲವೂ ಚಂದ ಕಾಣುತ್ತಿತ್ತು. ಮನೆಗೆ ಬಂದು ದೊಡ್ಡದು ಮಾಡಿ ನೋಡಿದರೆ ರಾಶಿಯಲ್ಲಿ ಒಂದು ಕಾಯಿಯೂ ಬಿಡಿಯಾಗಿ ಕಾಣುತ್ತಿಲ್ಲ, ಬರೀ ಕೆಂಪು ಬಣ್ಣ ಬಳಿದ ಹಾಗೆ. ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು, ಆ ಸುಕ್ಕೇ ಹೋಗಿಬಿಟ್ಟಿತ್ತು. ನಾನು ನೋಡುತ್ತಿದ್ದದ್ದು ಮೂರೂ ಬಣ್ಣ ಸೇರಿದ ಒಂದೇ ಹಿಸ್ಟೋಗ್ರಾಂ, ಅಂದರೆ ಫೋಟೋದಲ್ಲಿ ಕತ್ತಲೆಷ್ಟು ಬೆಳಕೆಷ್ಟು ಅಂತ ತೋರಿಸುವ ಗ್ರಾಫ್. ಕೆಂಪಿನದನ್ನು ಬೇರೆಯಾಗಿ ತೆಗೆದು ನೋಡಿದಾಗ ಅದು ಬಲಗಡೆಯ ಅಂಚಿಗೆ ಹೋಗಿ ಬಡಿದಿತ್ತು, ಅಂದರೆ ಕ್ಯಾಮೆರಾ ಹಿಡಿಯುವ ಮಿತಿ ಮೀರಿತ್ತು. ಎರಡನೇ ಸಲ ರಾ ಫೈಲಿಗೆ (ಕ್ಯಾಮೆರಾ ತಿದ್ದದೆ ಹಾಗೇ ಕೊಡುವ ಫೈಲು) ಬದಲಾಯಿಸಿದೆ, ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿದೆ, ಅಂದರೆ ಬೆಳಕು ಅರ್ಧಕ್ಕೆ ಇಳಿಸಿದೆ, ಮಧ್ಯಾಹ್ನದ ಬಿಸಿಲು ಬಿಟ್ಟು ಶೆಡ್ಡಿನ ನೆರಳಿಗೆ ಹೋದೆ. ಸುಕ್ಕು ವಾಪಸ್ ಬಂತು. ಬ್ಯಾಡಗಿ ಕಾಯಿಯ ಎರಡು ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು ಅನ್ನುವುದೂ ಫೋಟೋದಲ್ಲೇ ತಿಳಿಯುವಂತಾಯಿತು: ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ. ಒಂದು ಎಚ್ಚರಿಕೆ, ಪೇಟೆಯೊಳಗೆ ಲೆನ್ಸ್ ಬದಲಿಸಬೇಡಿ. ನಾನು ಬದಲಿಸಿದೆ. ಸೆನ್ಸರ್ ಮೇಲೆ ಧೂಳು ಕೂತು, ಆಕಾಶ ಇರುವ ಫೋಟೋಗಳಲ್ಲೆಲ್ಲ ಕಪ್ಪು ಚುಕ್ಕಿ. ಘಾಟಿಗೆ ಸೀನಿ ಸೀನಿ ಅಲುಗಿದ ಫೋಟೋಗಳ ಲೆಕ್ಕ ಬೇರೆ.

ಆ ಎರಡನೇ ಸಲ ತೊಟ್ಟು ಮುರಿಯುವ ಹೆಣ್ಣುಮಕ್ಕಳ ಹತ್ತಿರ ಹೋಗಿದ್ದೆ. ಮಸಾಲೆಗೆ, ಬಣ್ಣದ ಎಣ್ಣೆ ತೆಗೆಯುವುದಕ್ಕೆ ಹೋಗುವ ಕಾಯಿಯ ತೊಟ್ಟನ್ನು ಕೈಯಲ್ಲೇ ತೆಗೆಯುತ್ತಾರೆ. (ಲಿಪ್‌ಸ್ಟಿಕ್ಕಿಗೂ ಈ ಬಣ್ಣ ಹೋಗುತ್ತದೆ.) ಒಂದೇ ಸಾಲಿನಲ್ಲಿ ಎಂಟು ಜನ ಕೂತಿದ್ದರು. ಕೇಳಿಯೇ ಕ್ಯಾಮೆರಾ ಎತ್ತಿದೆ. 50 ಎಂಎಂ ಲೆನ್ಸಿನಲ್ಲಿ ಕೈಗಳು, ಬಳೆಗಳು, ಕೆಂಪಾದ ಬೆರಳುಗಳು. ಇನ್ನೇನು ಬೇಕು ಅಂದುಕೊಂಡೆ. ಅಷ್ಟರಲ್ಲಿ ಹಿರಿಯವರೊಬ್ಬರು ಕೇಳಿದರು, “ಏ ತಮ್ಮಾ, ಆಗಿಂದ ಬರೀ ಕೈ ತೆಗೀಲಿಕ್ಹತ್ತಿ. ನಮಗ ಮಾರಿ ಇಲ್ಲೇನು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ರೈಲಿನಲ್ಲಿ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಸುಕ್ಕುಗಟ್ಟಿದ ಕೈ ತೆಗೆದರೆ ಕಥೆ ಸಿಕ್ಕಿತು ಅಂತ ನಾವು ಫೋಟೋದವರು ತಿಳಿದಿರುತ್ತೇವೆ, ಅಲ್ವಾ? ಅವತ್ತು ರಾತ್ರಿಯೇ ಒಂದು ಫೋಟೋಕ್ಕೆ ‘ಶ್ರಮದ ಕೈಗಳು’ ಅಂತ ಹೆಸರಿಟ್ಟು ಫೋಲ್ಡರಿಗೆ ಹಾಕಿದ್ದೆ. ಹೆಬ್ಬೆರಳಿಗೆ ಅರಿವೆ ಸುತ್ತಿದ್ದ ಕೈ ಅದು. ಗಾಯವಾಗಿದೆ, ಆದರೂ ದುಡಿಯುತ್ತಿದ್ದಾರೆ ಅಂತ ನನ್ನ ಪಾಡಿಗೆ ನಾನೇ ಊಹಿಸಿಕೊಂಡಿದ್ದೆ.

ಮೂರನೇ ಸಲ ಹೋಗುವಾಗ 5x7 ಇಂಚಿನ ಹನ್ನೆರಡು ಪ್ರಿಂಟ್ ಹಾಕಿಸಿಕೊಂಡು ಹೋದೆ. ಈ ಕೆಲಸಕ್ಕೆ ಸುರಿದ ದುಡ್ಡಿನಲ್ಲಿ ಸಾರ್ಥಕವಾದದ್ದು ಇದೊಂದೇ ಅನಿಸುತ್ತದೆ. ಪ್ರಿಂಟ್ ಕೈಗೆ ಕೊಟ್ಟ ಕೂಡಲೇ ಅವರ ಕೆಲಸ ನಿಂತಿತು. ಮುಖ ಇರುವ ಫೋಟೋಗಳು ಮೊದಲು ಖಾಲಿಯಾದವು. ನಾನು ‘ಸುಮಾರು’ ಅಂತ ಪಕ್ಕಕ್ಕಿಟ್ಟಿದ್ದ, ಎಲ್ಲರೂ ಸೆಟೆದು ಕೂತು ಕ್ಯಾಮೆರಾ ನೋಡುತ್ತಿರುವ ಫೋಟೋಕ್ಕೆ ಬೇಡಿಕೆ ಜಾಸ್ತಿ. ಕೈಗಳ ಫೋಟೋ ಉಳಿದವು. ಆಮೇಲೆ ಇದು ಯಾರ ಕೈ ಅಂತ ವಾದ ಶುರುವಾಯಿತು. ಬಳೆ ನೋಡಿ, ಕುಂತ ಜಾಗ ನೋಡಿ ಒಂದೊಂದನ್ನೇ ಹಂಚಿಕೊಂಡರು. ಅರಿವೆ ಸುತ್ತಿದ ಹೆಬ್ಬೆರಳು, ಮಾರಿ ಇಲ್ಲೇನು ಅಂತ ಕೇಳಿದ್ದರಲ್ಲ, ಅವರದೇ.

“ಗಾಯ ಆಗಿತ್ತೇನ್ರಿ ಯವ್ವಾ?” ಅಂದೆ.

“ಗಾಯ ಎಲ್ಲಿದೋ! ಉಗುರಿನ್ಯಾಗ ಖಾರ ಹೊಕ್ಕತಂದ್ರ ತೊಳದ್ರೂ ಹೋಗೂದಿಲ್ಲ. ರಾತ್ರಿ ಮೊಮ್ಮಗಳಿಗೆ ಉಣಸಬೇಕಲ್ಲ. ಅಕಿ ಬಾಯಿ ಉರದು ಅಳತಾಳ.”

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ನಾವೆಲ್ಲ ಹೇಳುತ್ತೇವೆ. ತಿನ್ನುವವರ ಲೆಕ್ಕ ಅದು. ಇರುವ ಖಾರ ಹೆಚ್ಚಾಗಿ ಒಳಗಿನ ಬಿಳಿ ತಿರುಳಿನಲ್ಲಿರುತ್ತದೆ, ಆ ತಿರುಳು ಕಾಯಿಗೆ ಅಂಟಿರುವುದು ತೊಟ್ಟಿನ ಬುಡದಲ್ಲಿ. ದಿನವಿಡೀ ಮುರಿಯುವುದು ಅದೇ ಜಾಗವನ್ನು. ಬರೀ ನೀರಿಗೆ ಆ ಖಾರ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಮನೆಗೆ ಹೊರಡುವ ಮೊದಲು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಾರಂತೆ. ಮೂಲೆಯಲ್ಲಿ ಒಂದು ಎಣ್ಣೆ ಬಾಟಲಿ ಇತ್ತು. ಎರಡನೇ ಸಲದ ನಾಲ್ಕು ಫೋಟೋಗಳಲ್ಲಿ ಆ ಬಾಟಲಿ ಇದೆ. ಕಸ ಅಂತ ಒಂದರಲ್ಲಿ ಕ್ರಾಪ್ ಮಾಡಿ ತೆಗೆದೂ ಇದ್ದೆ.

ಆ ಕ್ರಾಪ್ ಈಗ ವಾಪಸ್ ತೆಗೆದಿದ್ದೇನೆ. ‘ಶ್ರಮದ ಕೈಗಳು’ ಅಳಿಸಿದೆ. ಹೊಸ ಹೆಸರು ಇನ್ನೂ ಇಟ್ಟಿಲ್ಲ. ಮುಖದ ಫೋಟೋಗಳನ್ನು ಇಲ್ಲಿ ಹಾಕುತ್ತಿಲ್ಲ. ಅವು ಅವರ ಮನೆಯಲ್ಲಿ ಇರಲಿ, ಮೊಬೈಲಿನಲ್ಲಿ ಓಡಾಡುವುದು ಬೇಡ ಅಂದಿದ್ದಾರೆ.

ನಾಲ್ಕನೇ ಸಲಕ್ಕೆ ಒಂದು ಆರ್ಡರ್ ಇದೆ. ಅಜ್ಜಿ, ಮೊಮ್ಮಗಳು ಇಬ್ಬರದೂ ಒಂದು ದೊಡ್ಡ ಫೋಟೋ, ಕಟ್ಟು ಹಾಕಿಸುವಷ್ಟು ದೊಡ್ಡದು. ಪೇಟೆಯಲ್ಲೇ ರಾಶಿಯ ಮುಂದೆ ತೆಗೆಯಲಾ ಅಂತ ಕೇಳಿದ್ದಕ್ಕೆ ಬೈಸಿಕೊಂಡೆ. “ಮೆಣಸಿನಕಾಯಿ ದಿನಾ ನೋಡ್ತೀವಲ್ಲೋ ತಮ್ಮಾ, ಗ್ವಾಡಿ ಮ್ಯಾಲೂ ಅದನ್ನ ಹಾಕ್ಕೋಬೇಕೇನು?” ಹಾಗಾಗಿ ಮನೆಯ ಕಟ್ಟೆಯ ಮೇಲೆ. 50 ಎಂಎಂ ಸಾಕು. ಬೆಳಿಗ್ಗೆ ಹತ್ತರೊಳಗೆ ಮುಟ್ಟಬೇಕು, ಆಮೇಲೆ ಮಗು ಮಲಗಿಬಿಡುತ್ತದಂತೆ.