ಐಸಿಡಿಯ ಮೇಲೆ ಅಯಸ್ಕಾಂತ

12 ಮಾರ್ಚ್ 2024, ಮಂಗಳವಾರ

ಎದೆಯಲ್ಲಿ ಐಸಿಡಿ, ಅಂದರೆ ಹೃದಯದ ಲಯ ಮಾರಕವಾಗಿ ಕೆಟ್ಟಾಗ ಒಳಗಿನಿಂದಲೇ ಶಾಕ್ ಕೊಟ್ಟು ಸರಿಪಡಿಸುವ ಸಾಧನ, ಅಳವಡಿಸಿಕೊಂಡಿರುವ ಹಿರಿಯರೊಬ್ಬರನ್ನು ಇಂದು ಮಧ್ಯಾಹ್ನ ನಮ್ಮ ತುರ್ತು ವಿಭಾಗಕ್ಕೆ ಕರೆತಂದರು. ಅವರು ಪೂರ್ಣ ಎಚ್ಚರದಲ್ಲಿದ್ದರು, ಸಾಧನ ಮಾತ್ರ ಮತ್ತೆ ಮತ್ತೆ ಶಾಕ್ ಕೊಡುತ್ತಿತ್ತು. ಮಾನಿಟರಿನಲ್ಲಿ ಕಂಡದ್ದು ವೇಗವಾದ ಏಟ್ರಿಯಲ್ ಫಿಬ್ರಿಲೇಷನ್, ಅಂದರೆ ಹೃದಯದ ಮೇಲಿನ ಕೋಣೆಗಳಿಂದ ಹುಟ್ಟುವ ಅನಿಯಮಿತ ಲಯ. ಅದನ್ನೇ ಐಸಿಡಿ ಹೃತ್ಕುಕ್ಷಿಯ (ಹೃದಯದ ಕೆಳಗಿನ ಕೋಣೆಯ) ಮಾರಕ ಲಯವೆಂದು ತಪ್ಪಾಗಿ ಗ್ರಹಿಸಿತ್ತು. ಗರಿಷ್ಠ 35ರಿಂದ 40 ಜೂಲ್‌ಗಳ ಆಘಾತವನ್ನು ಎಚ್ಚರವಿರುವ ಮನುಷ್ಯ ಪದೇ ಪದೇ ಸಹಿಸುವುದನ್ನು ನೋಡುತ್ತ ನಿಲ್ಲುವುದು ಕಷ್ಟ.

ಶಾಕ್ ತಡೆಯಲು ಸಾಧನದ ಮೇಲಿಡುವ ಉಂಗುರದಾಕಾರದ ಅಯಸ್ಕಾಂತ ಕೈಯಲ್ಲಿದ್ದರೂ ನಮ್ಮ ಕಿರಿಯ ದಾದಿ ಒಂದು ಕ್ಷಣ ಹಿಂಜರಿದರು: ಇದನ್ನಿಟ್ಟರೆ ಪೇಸಿಂಗ್ (ಸಾಧನವೇ ಹೃದಯವನ್ನು ಮಿಡಿಸುವ ಕೆಲಸ) ಕೂಡ ನಿಂತುಹೋದರೆ? ಈ ಭಯ ಅನೇಕರಲ್ಲಿದೆ, ಅದಕ್ಕೆ ಕಾರಣವೂ ಇದೆ. ಅಯಸ್ಕಾಂತವಿಟ್ಟಾಗ ಬರಿಯ ಪೇಸ್‌ಮೇಕರ್ ಸಾಮಾನ್ಯವಾಗಿ ಹೃದಯದ ಸ್ವಂತ ಬಡಿತವನ್ನು ಗಮನಿಸುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ಮಿಡಿಸತೊಡಗುತ್ತದೆ. ಐಸಿಡಿಯಾದರೋ ವೇಗದ ಲಯಗಳ ಪತ್ತೆಯನ್ನೂ ಶಾಕನ್ನೂ ತಡೆಹಿಡಿದು, ಪೇಸಿಂಗನ್ನು ಇದ್ದಂತೆಯೇ ಮುಂದುವರಿಸುತ್ತದೆ. ಹಾಗಾಗಿ ಪೇಸಿಂಗನ್ನೇ ಅವಲಂಬಿಸಿದ ಐಸಿಡಿ ರೋಗಿಗೆ ಶಸ್ತ್ರಚಿಕಿತ್ಸೆಯಲ್ಲಿ ಕಾಟರಿ (ವಿದ್ಯುತ್ತಿನಿಂದ ಅಂಗಾಂಶ ಕತ್ತರಿಸಿ ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗ ಅಯಸ್ಕಾಂತವೊಂದೇ ಸಾಲದು. ಕಾಟರಿಯ ವಿದ್ಯುತ್ತನ್ನು ಬಡಿತವೆಂದು ಭ್ರಮಿಸಿ ಸಾಧನ ಪೇಸಿಂಗ್ ನಿಲ್ಲಿಸಬಹುದು.

ಅಯಸ್ಕಾಂತವಿಡುವ ಮೊದಲು ಹೊರಗಿನಿಂದ ಶಾಕ್ ಕೊಡುವ ಡಿಫಿಬ್ರಿಲೇಟರಿನ ಪ್ಯಾಡ್‌ಗಳನ್ನು ಸಾಧನದಿಂದ ಕನಿಷ್ಠ 8 ಸೆಂ.ಮೀ. ದೂರದಲ್ಲಿ ಅಂಟಿಸಿದ್ದೆವು. ಶಾಕ್ ನಿಂತಿರುವಷ್ಟು ಹೊತ್ತು ರೋಗಿಯ ಕಾವಲು ನಮ್ಮದು. ನಿಜವಾದ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾ (ಹೃತ್ಕುಕ್ಷಿಯ ಅಪಾಯಕಾರಿ ವೇಗದ ಲಯ) ಕಾಣಿಸಿಕೊಂಡರೆ ಅಯಸ್ಕಾಂತ ತೆಗೆದೊಡನೆ ಐಸಿಡಿ ಮತ್ತೆ ಕೆಲಸಕ್ಕಿಳಿಯುತ್ತದೆ. ಎಲ್ಲ ಸಾಧನಗಳೂ ಒಂದೇ ರೀತಿ ವರ್ತಿಸುವುದಿಲ್ಲವೆಂಬುದನ್ನೂ ನೆನಪಿಡಬೇಕು: ಕೆಲವು ಬೀಪ್ ಸದ್ದು ಮಾಡುತ್ತವೆ, ಬಯೋಟ್ರಾನಿಕ್ ಕಂಪನಿಯ ಸಾಧನಗಳು ಅಯಸ್ಕಾಂತ ಮೇಲಿದ್ದರೂ 8 ಗಂಟೆಗಳ ಬಳಿಕ ತಾವಾಗಿಯೇ ಎಚ್ಚರಗೊಳ್ಳುತ್ತವೆ, ಇನ್ನು ಕೆಲವನ್ನು ಅಯಸ್ಕಾಂತಕ್ಕೆ ಓಗೊಡದಂತೆ ಪ್ರೋಗ್ರಾಮ್ ಮಾಡಿರಲೂಬಹುದು. ತಂತಿ ಹೃದಯದೊಳಗೆ ಹೋಗದ ‘ಚರ್ಮದಡಿಯ ಐಸಿಡಿ’ ಎಂಬ ಬಗೆಯಾದರೆ ಹುಡುಕಬೇಕಾದದ್ದು ಕಾಲರ್‌ಬೋನಿನ ಕೆಳಗಲ್ಲ, ಎಡ ಪಕ್ಕೆಯಲ್ಲಿ. ಅಂದಹಾಗೆ, ಐಫೋನ್ 12ರೊಳಗಿನ ಅಯಸ್ಕಾಂತವೂ ಐಸಿಡಿಯನ್ನು ಹೀಗೆ ತಡೆಹಿಡಿಯಬಲ್ಲದೆಂದು ಅಮೆರಿಕದ ವೈದ್ಯರು 2021ರಲ್ಲಿ ವರದಿ ಮಾಡಿದ್ದರು.

ಅಯಸ್ಕಾಂತವನ್ನು ಪಟ್ಟಿಯಿಂದ ಅಂಟಿಸಿ, ಔಷಧದಿಂದ ಬಡಿತದ ವೇಗ ತಗ್ಗಿದ ಮೇಲೆ, ಸಾಧನವನ್ನು ಹೊರಗಿನಿಂದ ಹೊಂದಿಸುವ ಯಂತ್ರವಾದ ಪ್ರೋಗ್ರಾಮರ್ ತರಿಸಿ ಸಾಧನದ ಮಿತಿಗಳನ್ನು ಬದಲಾಯಿಸಿದೆವು. 1980ರಲ್ಲಿ ಮಿಷೆಲ್ ಮಿರೋವ್‌ಸ್ಕಿಯವರ ತಂಡ ಬಾಲ್ಟಿಮೋರ್‌ನಲ್ಲಿ ಮನುಷ್ಯನಿಗೆ ಮೊದಲ ಬಾರಿ ಅಳವಡಿಸಿದ ಈ ಸಾಧನ ಎಷ್ಟೋ ಜೀವಗಳನ್ನು ಉಳಿಸಿದೆ. ಆದರೆ ಕ್ಯಾನ್ಸರಿನ ಕೊನೆಯ ಹಂತದಲ್ಲಿ ಮನೆಯಲ್ಲೇ ಇರುವ ರೋಗಿಗೆ, ಪ್ರಾಣ ಹೋಗುತ್ತಿರುವ ಹೊತ್ತಿನಲ್ಲೂ ಅದು ಶಾಕ್ ಕೊಡಬಹುದು. ಅವರ ಮತ್ತು ಮನೆಯವರ ಒಪ್ಪಿಗೆ ಪಡೆದು ಶಾಕನ್ನು ಮೊದಲೇ ನಿಲ್ಲಿಸಬೇಕು. ಅದಾಗುವವರೆಗೆ ಅಂಥ ಮನೆಯಲ್ಲಿ ಒಂದು ಅಯಸ್ಕಾಂತವೂ, ಅದನ್ನು ಎಲ್ಲಿ ಇಡಬೇಕೆಂದು ತಿಳಿದವರೊಬ್ಬರೂ ಇರಲೇಬೇಕೆಂದು ನಾನು ನಾಳಿನ ಸಭೆಯಲ್ಲಿ ಕೇಳಲಿದ್ದೇನೆ.